ನಿಮ್ಮೂರು ಯಾವುದು?

ಹುಬ್ಬಳ್ಳಿಯವರಾಗಲಿ ಮಂಗಳೂರಿನವರಾಗಲಿ, ಹೊಸ ಜಾಲತಾಣದಲ್ಲಿ ಖಾತೆ ತೆರೆದು 'ಟೈಮ್ ಝೋನ್ ಆರಿಸಿ' ಎಂಬಲ್ಲಿಗೆ ಬಂದಾಗ ಹುಡುಕಬೇಕಾದ ಹೆಸರು 'ಏಷ್ಯಾ/ಕೋಲ್ಕತ್ತಾ'. ಬೆಂಗಳೂರು ಎಂದು ಹುಡುಕಿದರೆ ಎಷ್ಟೋ ಕಡೆ ಏನೂ ಸಿಗುವುದಿಲ್ಲ. ವಿಂಡೋಸ್‌ನ ಪಟ್ಟಿಯಲ್ಲಿ ಭಾರತಕ್ಕೆ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂದು ನಾಲ್ಕು ಊರುಗಳಿವೆ. ಸಾಫ್ಟ್‌ವೇರ್‌ನಿಂದಲೇ ಜಗತ್ತಿಗೆ ಪರಿಚಯವಾದ ಬೆಂಗಳೂರು ಅಲ್ಲಿಲ್ಲ.

ಇದು ಯಾರ ತಾತ್ಸಾರವೂ ಅಲ್ಲ. ವಿಂಡೋಸ್ ಬಿಟ್ಟರೆ ಹೆಚ್ಚಿನ ಕಂಪ್ಯೂಟರು, ಫೋನುಗಳೆಲ್ಲ ನೆಚ್ಚಿಕೊಂಡಿರುವ ಟೈಮ್ ಝೋನ್ ದತ್ತಾಂಶವನ್ನು 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದರು. ಆಮೇಲೆ ಪಾಲ್ ಎಗರ್ಟ್ ಮತ್ತು ಅನೇಕ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. 1970ರಿಂದ ಈಚೆಗೆ ಗಡಿಯಾರಗಳು ಒಂದೇ ರೀತಿ ನಡೆದಿರುವ ಪ್ರದೇಶಕ್ಕೆ ಒಂದೇ ಹೆಸರು ಸಾಕು, ಅದೂ ಸಾಮಾನ್ಯವಾಗಿ ಅಲ್ಲಿನ ಅತಿ ಜನನಿಬಿಡ ಊರಿನ ಹೆಸರು ಎಂಬುದು ಅವರ ಕ್ರಮ. ದೇಶಗಳ ಗಡಿ, ಹೆಸರು ಬದಲಾಗುತ್ತವೆ. ಊರುಗಳು ಹೆಚ್ಚು ಕಾಲ ಬಾಳುತ್ತವೆ. ಇಡೀ ಭಾರತಕ್ಕೆ ಒಂದೇ ಊರು ಬಂದದ್ದು ಹೀಗೆ.

ಊರ ಹೆಸರೂ ಬದಲಾಗದೆ ಇರುವುದಿಲ್ಲ. ಮೊದಲು 'ಏಷ್ಯಾ/ಕಲ್ಕಟ್ಟಾ' ಎಂದಿದ್ದದ್ದು 2008ರಲ್ಲಿ ಕೋಲ್ಕತ್ತಾ ಆಯಿತು. ಉಕ್ರೇನಿನ 'ಕಿಯೆವ್' 2022ರಲ್ಲಿ 'ಕೀವ್' ಆಯಿತು. ಹಳೆಯ ಹೆಸರನ್ನು ದತ್ತಾಂಶ ಅಳಿಸುವುದಿಲ್ಲ, ಹೊಸದಕ್ಕೆ ಜೋಡಿಸಿ ಇಟ್ಟುಕೊಳ್ಳುತ್ತದೆ. ಆದರೂ ಕ್ರೋಮ್ ಬ್ರೌಸರ್ ಬಹುಕಾಲ ಭಾರತದವರನ್ನು ಕಲ್ಕಟ್ಟಾದ ಹೆಸರಿನಲ್ಲೇ ಗುರುತಿಸುತ್ತಿತ್ತು. ತನ್ನ ಪಟ್ಟಿಯಲ್ಲಿ ಕೋಲ್ಕತ್ತಾ ಒಂದನ್ನೇ ಇಟ್ಟುಕೊಂಡ ಜಾಲತಾಣ ಅಂಥವರನ್ನು 'ತಪ್ಪು ಟೈಮ್ ಝೋನ್' ಎಂದು ಹಿಂದಕ್ಕೆ ಕಳಿಸಿಬಿಡುತ್ತದೆ.

ಈ ಹೆಸರುಗಳು ಯಂತ್ರಕ್ಕಾಗಿ ಇರುವಂಥವು. ರೈಲ್ವೆ ಟಿಕೆಟ್ ಕಾಯ್ದಿರಿಸುವಾಗ ನಾವು ಬೆಂಗಳೂರು ಎಂದು ಬರೆಯುತ್ತೇವೆ, 'ಎಸ್‌ಬಿಸಿ' ಎಂಬ ಸಂಕೇತ ಒಳಗೆ ತಾನೇ ಕೂರುತ್ತದೆ. ಟೈಮ್ ಝೋನ್ ಕೇಳುವವರೂ ಹಾಗೆಯೇ 'ನಿಮ್ಮೂರು ಯಾವುದು' ಎಂದು ಕೇಳಲಿ. ಕನ್ನಡದಲ್ಲಿ ಕೇಳಿದರೆ ಇನ್ನೂ ಸಂತೋಷ. ಕಲಬುರಗಿ ಎಂದವರನ್ನು ಕೋಲ್ಕತ್ತಾಕ್ಕೆ ಜೋಡಿಸುವ ಕೆಲಸ ಒಳಗೆ ನಡೆಯಲಿ.

ಊರಿನ ಗೊಡವೆ ಏಕೆ, ಐದೂವರೆ ಗಂಟೆ ಮುಂದೆ ಎಂದು ಬರೆದಿಟ್ಟರೆ ಸಾಲದೇ ಎನ್ನುವ ತಂತ್ರಜ್ಞರಿದ್ದಾರೆ. ಸಾಲದು. ಇವತ್ತು ಶ್ರೀಲಂಕಾದ ಗಡಿಯಾರವೂ ನಮ್ಮದೂ ಒಂದೇ. ಆದರೆ 1996ರಲ್ಲಿ ಅದು ಒಂದು ಗಂಟೆ ಮುಂದೋಡಿ, ಅದೇ ವರ್ಷ ಅರ್ಧ ಗಂಟೆ ಹಿಂದೆ ಬಂದು, ನಮ್ಮ ಹೊತ್ತಿಗೆ ಮರಳಿದ್ದು 2006ರಲ್ಲಿ. ಕೊಲಂಬೊ ಎಂದು ಬರೆದಿಟ್ಟವರ ಲೆಕ್ಕ ಮಾತ್ರ ಈ ಮೂರೂ ಸಲ ಉಳಿದೀತು.

ಮೈಸೂರಿನ ಶಿಕ್ಷಕಿಯೊಬ್ಬರು ನ್ಯೂಜೆರ್ಸಿಯ ಮಕ್ಕಳಿಗೆ ಶನಿವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾರೆ ಎನ್ನಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 10 ಎಂದರೆ ಇಲ್ಲಿ ಸಂಜೆ 7.30. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಮುಂದಿನ ಪಾಠ ಮೈಸೂರಿನ 7.30ಕ್ಕೇ ನಿಂತರೆ ಮಕ್ಕಳು ಅಲ್ಲಿ 9ಕ್ಕೆ ಬಂದು ಕೂರಬೇಕು. ಮಕ್ಕಳ 10 ಗಂಟೆಗೆ ನಿಂತರೆ ಶಿಕ್ಷಕಿ ಇಲ್ಲಿ ರಾತ್ರಿ 8.30ರವರೆಗೆ ಕಾಯಬೇಕು. ಎರಡರಲ್ಲಿ ಯಾವುದು ಸರಿ ಎನ್ನುವುದನ್ನು ಸಾಫ್ಟ್‌ವೇರ್ ತಾನೇ ಊಹಿಸಬಾರದು, ಪಾಠ ಯಾವ ಊರಿನ ಗಡಿಯಾರಕ್ಕೆ ಸೇರಿದ್ದು ಎಂದು ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಆಮೇಲೆ ಎರಡೂ ಊರಿನ ಹೊತ್ತನ್ನು ಹೆಸರು ಸಮೇತ ತೋರಿಸಬೇಕು. ಬರೀ 'ಐಎಸ್‌ಟಿ' ಎಂದರೆ ಇಸ್ರೇಲಿನವರೂ ಐರ್ಲೆಂಡಿನವರೂ ಅದನ್ನು ತಮ್ಮದೆಂದೇ ಓದುತ್ತಾರೆ.

ಊರು ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ, ಗಡಿಯಾರ ಮುಂದಿಡಲು ಕೆಲವೇ ದಿನ ಇರುವಾಗ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿತು. ಕೆಲವು ಸಂಸ್ಥೆಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಹೊತ್ತು ನಡೆಯಿತು. ಕೊನೆಗೆ ಸರ್ಕಾರವೇ ತೀರ್ಮಾನ ಹಿಂತೆಗೆದುಕೊಂಡಿತು. ಇಂಥ ಹೊತ್ತಿನಲ್ಲಿ ಹೊಸ ದತ್ತಾಂಶವನ್ನು ಸರ್ವರ್‌ಗೆ ತಲುಪಿಸುವವರು ಯಾರು ಎಂಬುದು ತಂಡದಲ್ಲಿ ಮೊದಲೇ ಗೊತ್ತಾಗಿರಬೇಕು. ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ರೂಢಿ ನಮ್ಮಲ್ಲಿಲ್ಲದ ಕಾರಣ ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಇದು ನೆನಪಾಗುವುದು ಕಡಿಮೆ. ಅವರು ಬರೆದದ್ದನ್ನು ಬಳಸುವವರು ಬೈರೂತಿನಲ್ಲೂ ಇದ್ದಾರೆ, ನ್ಯೂಜೆರ್ಸಿಯಲ್ಲೂ ಇದ್ದಾರೆ.