ಜಿಲೇಬಿಯ ಊರು ಯಾವುದು?

ಭದ್ರಾವತಿಯ ಮೀನಂಗಡಿಯಲ್ಲಿ ತಿಲಾಪಿಯಾ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಜಿಲೇಬಿ ಎನ್ನಬೇಕು. ಆಫ್ರಿಕಾದ ಮೊಜಾಂಬಿಕ್ ಕಡೆಯ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದದ್ದು ಬಡವರ ತಟ್ಟೆಗೂ ಮೀನು ಬೀಳಲೆಂದು. ಬಿದ್ದಿದೆ, ಸುಳ್ಳು ಹೇಳಬಾರದು.

ಬೆಲೆ ತೆತ್ತದ್ದು ಮಾತ್ರ ನಮ್ಮ ಕೆರೆ-ಹೊಳೆಗಳ ಮೀನು. ಜಿಲೇಬಿ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಗಂಡು ತಳದಲ್ಲಿ ಕುಳಿ ತೋಡುತ್ತದೆ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿ ಈಜುವವರೆಗೆ ಹೆಚ್ಚುಕಡಿಮೆ ಉಪವಾಸವಿರುತ್ತದೆ. ಮಲೆನಾಡಿನ ಎಷ್ಟೋ ಮೀನುಗಳು ಮುಂಗಾರಿನ ಹೊಸನೀರಿಗೆ ಕಾಯುತ್ತವೆ. ಆಗ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಮೊಟ್ಟೆಯಿಡುತ್ತವೆ. ಹತ್ತುಮೀನು ಎನ್ನುವುದು ಅದಕ್ಕೇ. ಆ ಮೊಟ್ಟೆಗೆ ಕಾವಲಿಲ್ಲ. ಜಿಲೇಬಿಗೆ ಅದೂ ಊಟ.

ಪರದೇಶಿ ಮೀನೆಂದು ಬೈಯುವಾಗ ನನಗೆ ಕಾಟ್ಲಾ ನೆನಪಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯವು. ಮರಿ ತಂದು ಇಲ್ಲಿಯ ನೀರಿಗೆ ಬಿಟ್ಟವರು ನಾವೇ. ಪಾಸ್‌ಪೋರ್ಟ್ ಬೇಕಿರಲಿಲ್ಲ, ಅಷ್ಟೇ. ಗಾಜನೂರಲ್ಲಿ ತುಂಗೆಗೆ, ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಕಟ್ಟಿದವರೂ ನಾವೇ. ಹರಿವ ಹೊಳೆ ನಿಂತ ನೀರಾದರೆ ಹತ್ತುವ ಮೀನಿಗೆ ದಾರಿಯಿಲ್ಲ, ಜಿಲೇಬಿಗೆ ಹಾಸಿಗೆ ಹಾಸಿದಂತೆ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ನಮಗೆ ಅನುಕೂಲ.

ಭದ್ರಾವತಿಯಲ್ಲಿ ನಿಂತು ‘ಹೊರಗಿನವರು’ ಎನ್ನುವಾಗ ನಾಲಿಗೆಯ ಮೇಲೆ ಎಚ್ಚರವಿರಬೇಕು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ತಮಿಳು, ತೆಲುಗು ಆಡುವವರೂ ಕುಲುಮೆಯ ಮುಂದೆ ಬೆವರು ಸುರಿಸಿಯೇ ಇದು ಇಷ್ಟು ದೊಡ್ಡ ಊರಾದದ್ದು. ‘ಜಿಲೇಬಿ ಥರ ತುಂಬ್ಕೊಂಡ್ರು’ ಎಂಬ ಮಾತನ್ನು ಒಮ್ಮೆ ಮದುವೆಯ ಪಂಕ್ತಿಯಲ್ಲಿ ಕೇಳಿ, ತುತ್ತು ಗಂಟಲಲ್ಲೇ ನಿಂತಿತ್ತು. ಬಂದ ಮನುಷ್ಯ ಮಾತು ಕಲಿಯುತ್ತಾನೆ, ನೆಂಟಸ್ತಿಕೆ ಬೆಳೆಸುತ್ತಾನೆ. ಅವನೂ ನಾವೂ ಒಂದೇ ಜಾತಿಯ ಪ್ರಾಣಿ. ಮೀನಿನ ಲೆಕ್ಕ ಹಾಗಲ್ಲ. ಅಳಿದ ತಳಿಯನ್ನು ಯಾರೂ ಕರೆದು ತರಲಾರರು. ಆದ್ದರಿಂದಲೇ, ನಿರಪರಾಧಿಯಾದ ಜಿಲೇಬಿಯನ್ನೂ ಹಿಡಿದು ಕಡಿಮೆ ಮಾಡಬೇಕೆನ್ನುವವರ ಪರವಾಗಿಯೇ ನಾನಿದ್ದೇನೆ, ನೆಮ್ಮದಿಯಿಂದಲ್ಲ.

ಕಳೆದ ಭಾನುವಾರ ತಂದ ಮೀನಿನ ಬಾಯಿ ಬಿಡಿಸಿದರೆ ಸಾಸಿವೆಕಾಳಿನಂಥ ಹಳದಿ ಮೊಟ್ಟೆಗಳು. ಹಿಡಿದಾಗ ಉಗುಳಿ ಉಳಿದವು ಇರಬೇಕು. ‘ಬಚ್ಚಲಿಗೆ ಹಾಕಲಾ?’ ಎಂದಳು ಹೆಂಡತಿ. ಬಚ್ಚಲ ನೀರು ಚರಂಡಿಗೆ, ಚರಂಡಿ ಭದ್ರೆಗೆ. ಬೇಡವೆಂದೆ. ಇಬ್ಬರೂ ಸ್ವಲ್ಪ ಹೊತ್ತು ನೋಡುತ್ತ ನಿಂತೆವು. ಆಮೇಲೆ ಅವಳು ಅವನ್ನೂ ಸಾರಿಗೆ ಹಾಕಿದಳು.