ಹೊಗೆಯ ದುಡ್ಡು, ಕಲೆಯ ಬದುಕು

ಅಮೆರಿಕದ ಓಹಾಯೋ ರಾಜ್ಯದಲ್ಲಿ ಕಯಹೋಗ ಎಂಬ ಕೌಂಟಿಯಿದೆ. ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಘಟಕವದು. ಕ್ಲೀವ್‌ಲ್ಯಾಂಡ್ ಅದರ ಮುಖ್ಯ ನಗರ. 2006ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಒಂದು ವಿಶಿಷ್ಟ ತೀರ್ಮಾನ ಕೈಗೊಂಡರು. ಕೌಂಟಿಯಲ್ಲಿ ಮಾರಾಟವಾಗುವ ಪ್ರತಿಯೊಂದು ಸಿಗರೇಟಿನ ಮೇಲೆ ಒಂದೂವರೆ ಸೆಂಟ್, ಅಂದರೆ ಇಪ್ಪತ್ತು ಸಿಗರೇಟುಗಳ ಪ್ಯಾಕೊಂದಕ್ಕೆ 30 ಸೆಂಟ್ ತೆರಿಗೆ ವಿಧಿಸುವುದು, ಆ ಹಣವನ್ನು ಕಲೆ ಮತ್ತು ಸಂಸ್ಕೃತಿಗೆಂದೇ ಮೀಸಲಿಡುವುದು. ಜಗತ್ಪ್ರಸಿದ್ಧವಾದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ, ಕಲಾ ಮ್ಯೂಸಿಯಂ, ನಾಟಕ ಮಂದಿರಗಳಿಂದ ಹಿಡಿದು ಬಡಾವಣೆಗಳ ಸಣ್ಣಪುಟ್ಟ ತಂಡಗಳವರೆಗೆ ನೂರಾರು ಸಂಸ್ಥೆಗಳಿಗೆ ಇದರಿಂದ ನೆರವು ದೊರೆಯಿತು. 2015ರಲ್ಲಿ ಜನರು ಇನ್ನೂ ಹತ್ತು ವರ್ಷಗಳಿಗೆ ಇದನ್ನು ಮುಂದುವರಿಸಿದರು.

ಸಂಗೀತವೇ ನಿಷಿದ್ಧವೆಂದು ವಾದಿಸುವ ನಮ್ಮ ಕೆಲವು ಮಿತ್ರರು, ಕೆಟ್ಟ ದುಡ್ಡು ಕೆಟ್ಟದ್ದಕ್ಕೇ ಹೋಯಿತಲ್ಲ ಎಂದು ನಗಬಹುದು. ಆ ಚರ್ಚೆ ಇಲ್ಲಿ ಬೇಡ. ಮ್ಯೂಸಿಯಂ, ಸಸ್ಯೋದ್ಯಾನ, ಮಕ್ಕಳ ಚಿತ್ರಕಲಾ ತರಗತಿಗಳೂ ಇಂತಹ ನೆರವಿನಿಂದಲೇ ನಡೆಯುತ್ತವೆ. ಅವುಗಳನ್ನು ಯಾರೂ ಬೇಡವೆನ್ನಲಾರರು.

ಮೇಲ್ನೋಟಕ್ಕೆ ಈ ವ್ಯವಸ್ಥೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಸಿಗರೇಟು ದುಬಾರಿಯಾದರೆ ಸೇದುವವರು ಕಡಿಮೆಯಾಗುತ್ತಾರೆ. ಸೇದುವುದನ್ನು ಬಿಡಲೊಲ್ಲದವರ ಹಣ ಒಂದು ಒಳ್ಳೆಯ ಕೆಲಸಕ್ಕೆ ಸಲ್ಲುತ್ತದೆ. ಆದರೆ ಮುಂದೆ ಏನಾಯಿತೆಂದು ನೋಡಿ. ಜನರು ನಿಜವಾಗಿಯೂ ಸೇದುವುದನ್ನು ಕಡಿಮೆ ಮಾಡಿದರು. ಆರಂಭದಲ್ಲಿ ವರ್ಷಕ್ಕೆ ಎರಡು ಕೋಟಿ ಡಾಲರಿನ ಸಮೀಪವಿದ್ದ ಆದಾಯ ಕ್ರಮೇಣ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಆರೋಗ್ಯದ ದೃಷ್ಟಿಯಿಂದ ಅದು ಸಂತಸದ ಸುದ್ದಿ. ಕಲಾ ಸಂಸ್ಥೆಗಳ ಪಾಲಿಗೆ ಅದು ಸಂಕಟದ ಸುದ್ದಿ. 2024ರ ನವೆಂಬರ್‌ನಲ್ಲಿ ಮತ್ತೆ ಮತದಾನ ನಡೆದು, ಪ್ಯಾಕಿಗೆ 30 ಸೆಂಟ್ ಇದ್ದ ತೆರಿಗೆ 70 ಸೆಂಟಿಗೆ ಏರಿತು. ಉಳಿದಿರುವ ಕೆಲವೇ ಸೇದುವವರಿಂದ ಹಿಂದಿನಷ್ಟೇ ಹಣ ಎತ್ತಬೇಕಾದರೆ ಬೇರೆ ದಾರಿ ಇರಲಿಲ್ಲ.

ನನ್ನ ಆಕ್ಷೇಪ ಹುಟ್ಟುವುದು ಇಲ್ಲಿಂದಲೇ. ಒಬ್ಬ ವಯೊಲಿನ್ ಶಿಕ್ಷಕಿಯ ಸಂಬಳ ತನ್ನ ಊರಿನ ಸೇದುಗರ ಸಂಖ್ಯೆಯನ್ನು ಅವಲಂಬಿಸಿದ್ದರೆ, ಆಕೆ ಎಷ್ಟೇ ಸಜ್ಜನೆಯಾಗಿರಲಿ, ನೆರೆಮನೆಯವನು ಸಿಗರೇಟು ಬಿಟ್ಟ ಸುದ್ದಿ ಆಕೆಯ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದೇ ದಾಖಲಾಗುತ್ತದೆ. ಆಕೆ ಹಾಗೆ ಬಯಸುತ್ತಾಳೆಂದು ನಾನು ಹೇಳುತ್ತಿಲ್ಲ. ನೆರೆಯವನ ಒಳಿತು ಆಕೆಗೆ ಕೆಡುಕಾಗುವಂತಹ ಜಾಗದಲ್ಲಿ ಆಕೆಯನ್ನು ತಂದು ನಿಲ್ಲಿಸಲಾಗಿದೆ, ಅಷ್ಟೇ. ತನಗಾಗಿ ಬಯಸುವುದನ್ನೇ ತನ್ನ ಸಹೋದರನಿಗಾಗಿಯೂ ಬಯಸದವನ ವಿಶ್ವಾಸ ಪೂರ್ಣವಾಗದು ಎಂಬ ಆಶಯದ ಪ್ರವಾದಿ(ಸ) ವಚನ ನಮಗೆಲ್ಲ ಗೊತ್ತು. ಆ ಬಯಕೆಗೇ ಅಡ್ಡಿಯಾಗುವ ವ್ಯವಸ್ಥೆಯನ್ನು ಕಾನೂನಿನ ಮೂಲಕ ಕಟ್ಟಬೇಕೇ?

ಹಾಗೆಂದು ತಂಬಾಕಿನ ಮೇಲೆ ತೆರಿಗೆಯೇ ಬೇಡವೆಂಬ ವಾದ ನನ್ನದಲ್ಲ. ಮುಸ್ಲಿಮ್ ಜಗತ್ತಿನಲ್ಲಿ ಈ ಪ್ರಶ್ನೆ ತುಂಬಾ ಹಳೆಯದು. ಉಸ್ಮಾನೀ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ತಂಬಾಕನ್ನು ನಿಷೇಧಿಸಿದ, ಸೇದಿದವರಿಗೆ ಮರಣದಂಡನೆಯನ್ನೂ ವಿಧಿಸಿದ. ಆದರೂ ಜನರು ಬಿಡಲಿಲ್ಲ. ಇದನ್ನೆಲ್ಲ ಕಂಡಿದ್ದ ವಿದ್ವಾಂಸ ಕಾತಿಬ್ ಚೆಲೆಬಿ 1656ರಲ್ಲಿ ಬರೆದ 'ಮೀಝಾನುಲ್ ಹಖ್' ಎಂಬ ಕೃತಿಯಲ್ಲಿ, ನಿಷೇಧ ಫಲಿಸದ ಮೇಲೆ ತಂಬಾಕಿನ ಮಾರಾಟವನ್ನು ಗುತ್ತಿಗೆಯ ನಿಯಂತ್ರಣಕ್ಕೆ ತಂದು ಬೊಕ್ಕಸಕ್ಕೆ ಆದಾಯ ಮಾಡಿಕೊಳ್ಳುವುದೇ ಲೇಸೆಂದು ಸಲಹೆ ನೀಡಿದ್ದಾನೆ. ತಂಬಾಕು ಕರಾಹತ್ತೋ ಹರಾಮೋ ಎಂದು ಉಲಮಾಗಳು ವಾದಿಸುತ್ತಿದ್ದಾಗ ಆತ ಸರಕಾರದ ಲೆಕ್ಕಪತ್ರ ಬಲ್ಲವನಂತೆ ಮಾತಾಡಿದ್ದ. ಅವನಿಗಿಂತಲೂ ಸಾವಿರ ವರ್ಷ ಹಿಂದಿನ ಒಂದು ವರದಿ ಅಬೂ ಉಬೈದ್‌ರ 'ಕಿತಾಬುಲ್ ಅಮ್ವಾಲ್'ನಲ್ಲಿದೆ. ಮುಸ್ಲಿಮೇತರ ಪ್ರಜೆಗಳಿಂದ ಕಂದಾಯದ ರೂಪದಲ್ಲಿ ಮದ್ಯವನ್ನೇ ಅಧಿಕಾರಿಗಳು ಪಡೆಯುತ್ತಿದ್ದಾರೆಂಬ ದೂರು ಖಲೀಫಾ ಉಮರ್(ರ)ರಿಗೆ ತಲುಪಿತು. ಅವರು ಅದನ್ನು ತಡೆದರು. ಅವರೇ ಅದನ್ನು ಮಾರಿಕೊಳ್ಳಲಿ, ನೀವು ಅದರ ಬೆಲೆಯಿಂದ ಪಡೆಯಿರಿ ಎಂಬುದು ಅವರ ಆದೇಶದ ಸಾರ. ಸರಕಾರ ಮದ್ಯದ ವ್ಯಾಪಾರಿಯಾಗಬಾರದು. ವ್ಯಾಪಾರಿಯಿಂದ ಕಂದಾಯ ಪಡೆಯಬಹುದು.

ಇಲ್ಲಿ ಒಂದು ಪ್ರಬಲವಾದ ಪ್ರಶ್ನೆ ಎದುರಾಗುತ್ತದೆ. ಬೊಕ್ಕಸಕ್ಕೆ ಬಂದ ಮೇಲೆ ಎಲ್ಲ ಹಣವೂ ಒಂದೇ ತಾನೆ? ಕರ್ನಾಟಕ ಸರಕಾರದ ಆದಾಯದಲ್ಲಿ ಅಬಕಾರಿಯದ್ದು ಬಲು ದೊಡ್ಡ ಪಾಲು. 2007ರಲ್ಲಿ ಸಾರಾಯಿಯನ್ನೂ ಲಾಟರಿಯನ್ನೂ ನಿಷೇಧಿಸಿದ ರಾಜ್ಯ ಇಂದಿಗೂ ಮದ್ಯದ ಆದಾಯವಿಲ್ಲದೆ ಬಜೆಟ್ ಮಂಡಿಸಲಾರದು. ಸಾಹಿತ್ಯ ಅಕಾಡೆಮಿ, ಯಕ್ಷಗಾನ ಅಕಾಡೆಮಿ, ನಮ್ಮ ಬ್ಯಾರಿ ಅಕಾಡೆಮಿ ಎಲ್ಲಕ್ಕೂ ಅನುದಾನ ಬರುವುದು ಅದೇ ಬೊಕ್ಕಸದಿಂದ. ಹಾಗಾದರೆ ಕ್ಲೀವ್‌ಲ್ಯಾಂಡಿನವರು ಮಾಡಿದ್ದೂ ಇದನ್ನೇ, ಅವರು ಬಚ್ಚಿಡದೆ ಮಾಡಿದರು ಎನ್ನಬಹುದಲ್ಲವೇ?

ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬೆರೆತ ಹಣಕ್ಕೂ ಕಟ್ಟಿಹಾಕಿದ ಹಣಕ್ಕೂ ವ್ಯತ್ಯಾಸವಿದೆ. ನಾಳೆ ರಾಜ್ಯದಲ್ಲಿ ಕುಡಿತ ನಿಂತರೆ ಕಷ್ಟ ಎಲ್ಲ ಇಲಾಖೆಗಳಿಗೂ ಹಂಚಿಹೋಗುತ್ತದೆ. ಎಲ್ಲರೂ ಸೇರಿ ಬೇರೆ ದಾರಿ ಹುಡುಕುತ್ತಾರೆ. ಕುಡುಕನ ಬಾಟಲಿಗೂ ಕವಿಗೋಷ್ಠಿಗೂ ನೇರ ದಾರ ಕಟ್ಟಿದರೆ ಹಾಗಲ್ಲ. ಕವಿಗೋಷ್ಠಿಯ ಸಂಘಟಕರೇ ಬಾಟಲಿಯ ಕಾವಲುಗಾರರಾಗಬೇಕಾಗುತ್ತದೆ.

ಬ್ಯಾಂಕಿನ ಬಡ್ಡಿಯ ಹಣವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಅನೇಕ ಮುಫ್ತಿಗಳು ನೀಡುವ ಉತ್ತರ ಇಲ್ಲಿ ನೆನಪಾಗುತ್ತದೆ. ಪುಣ್ಯದ ನಿರೀಕ್ಷೆಯಿಲ್ಲದೆ ಅದನ್ನು ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಿ ಎನ್ನುತ್ತಾರೆ. ಶೌಚಾಲಯ ಕಟ್ಟಿಸಿ ಎಂದವರೂ ಇದ್ದಾರೆ. ಎಷ್ಟೋ ಊರುಗಳಲ್ಲಿ ಇದು ನಗೆಯ ಮಾತಾಗಿದೆ, ನಿಜ. ಆದರೆ ಆ ಉತ್ತರದಲ್ಲಿ ಒಂದು ಎಚ್ಚರವಿದೆ. ಅಂತಹ ಹಣವನ್ನು ವಿಲೇವಾರಿ ಮಾಡಬಹುದು, ಅದರಿಂದ ಹೆಸರು ಗಳಿಸಕೂಡದು, ಅದು ಬರುತ್ತಲೇ ಇರಲಿ ಎಂದು ಆಸೆಪಡಲೂಕೂಡದು.

ಈ ಎಚ್ಚರದ ಮೂಲ ಕುರ್‌ಆನ್‌ನಲ್ಲೇ ಕಾಣುತ್ತದೆ. ಜಾಹಿಲಿಯ್ಯಾ ಕಾಲದ ಅರಬರು ಬಾಣಗಳನ್ನೆತ್ತಿ ಜೂಜಾಡುತ್ತಿದ್ದರು. ಕೊಯ್ದ ಒಂಟೆಯ ಮಾಂಸವೇ ಪಣ. ಗೆದ್ದವರು ಆ ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚಿ ಅದನ್ನೇ ದೊಡ್ಡ ಔದಾರ್ಯವೆಂದು ಹೇಳಿಕೊಳ್ಳುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ಅಂದರೆ ಜೂಜಿನಿಂದ ಹಸಿದವನ ಹೊಟ್ಟೆ ತುಂಬುತ್ತಿತ್ತು. ಸೂರಃ ಅಲ್ ಬಕರಃದ 219ನೇ ಸೂಕ್ತ ಈ ಪ್ರಯೋಜನವನ್ನು ಅಲ್ಲಗಳೆಯುವುದಿಲ್ಲ. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಲಾಭಗಳಿವೆ ಎಂದು ಒಪ್ಪಿಕೊಂಡೇ, ಕೆಡುಕು ಅದಕ್ಕಿಂತ ದೊಡ್ಡದೆಂದು ತೀರ್ಪು ನೀಡುತ್ತದೆ. ಹಾಗಾದರೆ ಬಡವರಿಗೆ ಎಲ್ಲಿಂದ ಕೊಡುವುದು? ಅದೇ ಸೂಕ್ತ ಮುಂದುವರಿದು, ಏನನ್ನು ಖರ್ಚು ಮಾಡಬೇಕೆಂಬ ಪ್ರಶ್ನೆಯನ್ನೂ ಎತ್ತಿಕೊಂಡು, ಅಗತ್ಯ ಕಳೆದು ಮಿಕ್ಕಿದ್ದನ್ನು ಕೊಡಲು ಹೇಳುತ್ತದೆ. ಈ ಎರಡು ಪ್ರಶ್ನೆಗಳು ಒಂದೇ ಸೂಕ್ತದಲ್ಲಿ ಪಕ್ಕಪಕ್ಕದಲ್ಲಿರುವುದು ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ. ಊರಿಗೆ ಒಳ್ಳೆಯದಾಗಬೇಕೆಂದಿದ್ದರೆ ಊರಿನವರು ತಮ್ಮ ಕಿಸೆಯಿಂದ ತೆಗೆಯಬೇಕು, ಯಾರದೋ ಚಟದಿಂದಲ್ಲ.

ಆ 'ಯಾರೋ' ಯಾರೆಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಸಿಗರೇಟು ಈಗ ಹೆಚ್ಚಾಗಿ ಬಡವರ, ಕಡಿಮೆ ಓದಿದವರ ಚಟ. ಕ್ಲೀವ್‌ಲ್ಯಾಂಡ್ ಆ ದೇಶದ ದೊಡ್ಡ ನಗರಗಳಲ್ಲೇ ಬಡತನ ಅತಿ ಹೆಚ್ಚಿರುವ ನಗರಗಳ ಸಾಲಿನಲ್ಲಿದೆ. ಆರ್ಕೆಸ್ಟ್ರಾದ ಕಛೇರಿಗೆ ಕೋಟು ತೊಟ್ಟು ಹೋಗುವವರಲ್ಲಿ ಸೇದುವವರು ವಿರಳ. ಬಸ್ ನಿಲ್ದಾಣದಲ್ಲಿ ನಿಂತು ಸೇದುವವನು ಆ ಸಭಾಂಗಣದ ಒಳಗೆ ಕಾಲಿಟ್ಟಿರುವುದೂ ವಿರಳ. ಹೀಗೆ ಒಬ್ಬನ ಪುಪ್ಪುಸದ ಖರ್ಚಿನಲ್ಲಿ ಇನ್ನೊಬ್ಬನ ಸಂಜೆ ಸುಂದರವಾಗುತ್ತದೆ. ಬಡಾವಣೆಯ ತಂಡಗಳಿಗೂ ಹಣ ಹೋಗುತ್ತದೆಂಬ ಸಮಜಾಯಿಷಿ ಈ ಅಸಮಾನತೆಯನ್ನು ಸ್ವಲ್ಪ ತಗ್ಗಿಸೀತು, ಅಳಿಸದು.

ನಮ್ಮ ದೇಶದಲ್ಲಿ ಕಲೆಗೂ ತಂಬಾಕಿಗೂ ನಂಟು ಬೆಳೆದದ್ದು ತೆರಿಗೆಯಿಂದಲ್ಲ, ಕಂಪೆನಿಯ ದಾನದಿಂದ. 1977ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿ ರಾಜಾಶ್ರಯ ಕಳೆದುಕೊಂಡ ಹಿಂದೂಸ್ತಾನಿ ಘರಾನಾಗಳ ಗುರುಗಳಿಗೆ ನೆಲೆ ನೀಡಿತು. ರಾಂಪುರ್-ಸಹಸ್ವಾನ್ ಘರಾನಾದ ಉಸ್ತಾದ್ ನಿಸಾರ್ ಹುಸೇನ್ ಖಾನ್ ಅಲ್ಲಿ ಕಲಿಸಿದರು, ಅವರ ಕೈಯಲ್ಲಿ ಪಳಗಿದ ರಶೀದ್ ಖಾನ್ 2024ರಲ್ಲಿ ತೀರಿಕೊಳ್ಳುವವರೆಗೂ ದೇಶದ ಶ್ರೇಷ್ಠ ಗಾಯಕರಲ್ಲೊಬ್ಬರಾಗಿದ್ದರು. ಆ ಸಂಗೀತ ಉಳಿದದ್ದು ನಷ್ಟವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ದೇಶದ ಅತಿ ದೊಡ್ಡ ಸಿಗರೇಟು ಕಂಪೆನಿಯ ಹೆಸರು ಒಂದು ಪವಿತ್ರ ಪರಂಪರೆಯ ಜೊತೆ ಸೇರಿಕೊಂಡದ್ದೂ ನಿಜ. ಅದಕ್ಕೆ ಹೋಲಿಸಿದರೆ ತೆರಿಗೆಯೇ ವಾಸಿ. ಅದರಲ್ಲಿ ಕಂಪೆನಿಗೆ ಕೀರ್ತಿ ಸಿಗುವುದಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಜಾಹೀರಾತನ್ನೂ ಪ್ರಾಯೋಜನೆಯನ್ನೂ ನಿಷೇಧಿಸಿದ್ದು ಇಂತಹ ಕೀರ್ತಿಯ ಬಲ ಅರಿತೇ.

ಕರಾವಳಿಯವರಿಗೆ ತಂಬಾಕಿನ ಮೀಸಲು ತೆರಿಗೆ ಹೊಸತಲ್ಲ. ದಕ್ಷಿಣ ಕನ್ನಡದ ಸಾವಿರಾರು ಮನೆಗಳಲ್ಲಿ, ಬ್ಯಾರಿ ಮನೆಗಳಲ್ಲೂ ಬಿಲ್ಲವರ ಮನೆಗಳಲ್ಲೂ, ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟಿ, ಬ್ರಾಂಚಿಗೆ ಒಯ್ದು ಕೊಟ್ಟು ಮಕ್ಕಳನ್ನು ಓದಿಸಿದ್ದಾರೆ. 1976ರ ಕಾಯ್ದೆಗಳ ಪ್ರಕಾರ ಬೀಡಿಯ ಮೇಲೆ ಸೆಸ್ ವಿಧಿಸಿ, ಆ ನಿಧಿಯಿಂದ ಬೀಡಿ ಕಾರ್ಮಿಕರ ಚಿಕಿತ್ಸೆಗೆ, ವಸತಿಗೆ, ಅವರ ಮಕ್ಕಳ ವಿದ್ಯಾರ್ಥಿವೇತನಕ್ಕೆ ನೆರವು ಕೊಡಲಾಗುತ್ತಿತ್ತು. ಈ ಮೀಸಲಾತಿಯನ್ನು ನಾನು ಸಮರ್ಥಿಸುತ್ತೇನೆ. ತಂಬಾಕಿನ ಧೂಳು ಕುಡಿದವಳ ಮನೆಗೇ ತಂಬಾಕಿನ ದುಡ್ಡು ಮರಳುತ್ತಿತ್ತು. ಹಾನಿ ಇದ್ದಲ್ಲಿಗೇ ಪರಿಹಾರ ಹೋಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಮೀಸಲು ತೆರಿಗೆಯೆಂದರೆ ಶಾಶ್ವತ ಭದ್ರತೆ ಎಂದು ನಂಬುವ ಕಲಾವಿದರು ಇದನ್ನು ಗಮನಿಸುವುದು ಒಳ್ಳೆಯದು.

ಕಲೆಗೆ ತಂಬಾಕಿನ ಹಣ ಎಂದೂ ಕೂಡದೇ? ಒಂದು ಸಂದರ್ಭದಲ್ಲಿ ನಾನು ಒಪ್ಪುತ್ತೇನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1987ರ ತಂಬಾಕು ಕಾಯ್ದೆಯ ಮೂಲಕ ತಂಬಾಕಿನ ಮೇಲೆ ಹೆಚ್ಚುವರಿ ಸುಂಕ ವಿಧಿಸಿ, ವಿಕ್‌ಹೆಲ್ತ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿಯವರೆಗೆ ಸಿಗರೇಟು ಕಂಪೆನಿಗಳ ಪ್ರಾಯೋಜನೆಯಲ್ಲಿದ್ದ ಕ್ರೀಡೆ ಮತ್ತು ಕಲೆಗಳನ್ನು ಆ ಹಿಡಿತದಿಂದ ಬಿಡಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದಾಗಿತ್ತು. 1997ರಲ್ಲಿ ರಾಜ್ಯಗಳು ಅಂತಹ ಸುಂಕ ವಿಧಿಸುವಂತಿಲ್ಲವೆಂದು ಅಲ್ಲಿನ ಉನ್ನತ ನ್ಯಾಯಾಲಯ ತೀರ್ಪಿತ್ತಾಗ, ಸರಕಾರ ಸಾಮಾನ್ಯ ಬೊಕ್ಕಸದಿಂದಲೇ ಆ ಸಂಸ್ಥೆಗೆ ಹಣ ನೀಡಿತು. ತಂಬಾಕಿನಿಂದ ಕಲೆಯನ್ನು ಬಿಡಿಸಲು ತಂಬಾಕಿನ ಹಣ ಬಳಕೆಯಾಯಿತು, ಅನಂತರ ಆ ಹೊಣೆ ಎಲ್ಲ ನಾಗರಿಕರ ಮೇಲೆ ಬಂತು. ಕಯಹೋಗದ ಮತದಾರರು 2024ರಲ್ಲಿ ದರವನ್ನು ಏರಿಸುವಾಗಲೇ ಅದು ಯಾವ ವರ್ಷದಿಂದ ಇಳಿಯಬೇಕು, ಇಳಿದಷ್ಟನ್ನು ಯಾವ ತೆರಿಗೆಯಿಂದ ತುಂಬಬೇಕು ಎಂಬುದನ್ನೂ ಮತಪತ್ರದಲ್ಲಿ ಬರೆಯಬಹುದಿತ್ತು.