ಎದುರಾಳಿ ಜೋರಿನವನಾದರೆ ಸುಳ್ಳು ಸಲ್ಲುವುದೇ?

ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ನಾಟಕ ನೋಡಿ ಹೊರಬಂದ ಯಾರೂ ನಟನನ್ನು ಸುಳ್ಳುಗಾರ ಎನ್ನುವುದಿಲ್ಲ. ರಾಜನ ವೇಷ ತೊಟ್ಟವನು ರಾಜನಲ್ಲ ಎಂಬುದು ಒಳಗೆ ಹೋಗುವಾಗಲೇ ಎಲ್ಲರಿಗೂ ಗೊತ್ತಿರುತ್ತದೆ. ಅದೇ ಮಲ್ಲತ್ತಹಳ್ಳಿಯಲ್ಲೋ ನಗರದ ಇನ್ನಾವುದೋ ಬಡಾವಣೆಯಲ್ಲೋ ಸೈಟು ನೋಡಲು ಬಂದವನಿಗೆ ದಲ್ಲಾಳಿಯೊಬ್ಬ, ‘ನಾಳೆ ಬೆಳಿಗ್ಗೆ ಇನ್ನೊಂದು ಪಾರ್ಟಿ ಟೋಕನ್ ಅಡ್ವಾನ್ಸ್ ತರುತ್ತಿದೆ, ಇವತ್ತೇ ತೀರ್ಮಾನ ಮಾಡಿ’ ಎಂದು ಇಲ್ಲದ ಪಾರ್ಟಿಯನ್ನು ಹುಟ್ಟಿಸಿ ಹೇಳಿದರೆ, ಅದನ್ನು ನಾವು ನಾಟಕವೆಂದು ಕ್ಷಮಿಸುವುದಿಲ್ಲ. ನಟನೂ ದಲ್ಲಾಳಿಯೂ ಇಲ್ಲದ್ದನ್ನು ಇದೆಯೆಂದು ತೋರಿಸಿದರು. ಹಾಗಿದ್ದೂ ಒಂದನ್ನು ಕಲೆ, ಇನ್ನೊಂದನ್ನು ಮೋಸ ಎನ್ನುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಇದನ್ನು ಬಿಡಿಸಿ ನೋಡಲು ಇವೆರಡರ ನಡುವೆ ನಿಲ್ಲುವ ಒಂದು ಆಟ ನೆರವಾಗುತ್ತದೆ. ಅದೇ ಪೋಕರ್.

ಈ ಇಸ್ಪೀಟು ಆಟದ ಹೆಚ್ಚು ಪ್ರಚಲಿತ ರೂಪದಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಬೇರೆಯವರಿಗೆ ಕಾಣದ ಎರಡು ಎಲೆಗಳಿರುತ್ತವೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ. ಉಳಿದವರೆಲ್ಲ ಹೆದರಿ ಎಲೆ ಕೆಳಗಿಟ್ಟರೆ, ಕೊನೆಗೆ ಉಳಿದವನು ತನ್ನ ಎಲೆ ತೋರಿಸದೆಯೇ ಗೆಲ್ಲುತ್ತಾನೆ. ಆದ್ದರಿಂದ ಕೈಯಲ್ಲಿ ಏನೂ ಇಲ್ಲದವನೂ ದೊಡ್ಡ ಪಣ ಕಟ್ಟಿ ಹೆದರಿಸಬಹುದು. ಇದಕ್ಕೆ ಬ್ಲಫ್ ಎಂದು ಹೆಸರು. ಅದರ ಲೆಕ್ಕ ಸರಳ. ಮೇಜಿನ ಮೇಲೆ 1000 ಚಿಪ್ಪುಗಳಿದ್ದಾಗ ಬರಿಗೈಯವನು 500 ಕಟ್ಟಿ ಹೆದರಿಸಿದರೆ, ಮೂರು ಸಲದಲ್ಲಿ ಒಂದು ಸಲ ಎದುರಾಳಿ ಹಿಂದೆ ಸರಿದರೂ ಅವನಿಗೆ ನಷ್ಟವಿಲ್ಲ. ಗಣಿತಜ್ಞ ಜಾನ್ ವಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ, ಇಂತಹ ಆಟದಲ್ಲಿ ಆಗಾಗ ಬ್ಲಫ್ ಮಾಡುವುದು ಸರಿಯಾದ ಆಟದ ಭಾಗವೇ ಎಂದು ತೋರಿಸಿದರು.

ಕೈಯಲ್ಲಿ ಏನಿದ್ದರೂ ಇಲ್ಲದಿದ್ದರೂ ಪಣ ಏರಿಸುತ್ತಲೇ ಹೋಗುವ ಜೋರಿನ ಆಟಗಾರ ಎದುರಾದಾಗ ನಿಜವಾದ ಕಷ್ಟ ಬರುತ್ತದೆ. ಟೂರ್ನಮೆಂಟಿನಲ್ಲಿ ಸಾಮಾನ್ಯವಾಗಿ ಚಿಪ್ಪು ಮುಗಿದವನು ಎದ್ದು ಹೋಗಬೇಕು. ಹಾಗಾಗಿ ಹೆಚ್ಚು ಚಿಪ್ಪು ಇರುವವನು ಕಡಿಮೆ ಇರುವವರ ಭಯವನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಅವನ ಮುಂದೆ ಮೂರು ದಾರಿಗಳಿವೆ. ಎಲೆ ಕೆಳಗಿಟ್ಟು ಸರಿಯುವುದು ಒಂದು. ಬರಿಗೈಯಲ್ಲೇ ಅವನಿಗಿಂತ ಮೇಲೆ ಏರಿಸಿ ಅವನನ್ನೇ ಹೆದರಿಸುವುದು ಎರಡನೆಯದು. ಸಾಧಾರಣವಾದರೂ ಗಟ್ಟಿ ಎಲೆ ಬರುವವರೆಗೆ ಕಾದು, ಅವನ ಪಣಕ್ಕೆ ಸಮ ಕಟ್ಟಿ ‘ತೋರಿಸು ನೋಡೋಣ’ ಎನ್ನುವುದು ಮೂರನೆಯದು. ಜೋರು ಮಾಡಿದರೂ ಪ್ರತಿರೋಧ ಕಂಡಾಗ ಹಿಂದೆಗೆಯುವವನ ಮೇಲೆ ಎರಡನೆಯ ದಾರಿ ಫಲಿಸುತ್ತದೆ. ಎಂದೂ ಕೈಬಿಡದವನ ಮೇಲೆ ಬ್ಲಫ್ ಮಾಡುವುದು ಆತ್ಮಹತ್ಯೆ. ಅವನಿಗೆ ತಕ್ಕ ಉತ್ತರ ಮೂರನೆಯದು ಮಾತ್ರ.

ಈ ಮೇಜಿನಲ್ಲಿ ಬ್ಲಫ್ ಮಾಡಿದವನನ್ನು ಯಾರೂ ಸುಳ್ಳುಗಾರ ಎಂದು ದೂರುವುದಿಲ್ಲ. ಆದರೆ ಪಕ್ಕದವನ ಎಲೆ ಇಣುಕಿದವನನ್ನು, ಇಬ್ಬರು ಒಳಗೊಳಗೇ ಸೇರಿ ಮೂರನೆಯವನನ್ನು ಸೋಲಿಸಿದವರನ್ನು ಹೊರಗೆ ಹಾಕುತ್ತಾರೆ. ಅಂದರೆ ಮರೆಮಾಚುವುದನ್ನೇ ಜೀವಾಳ ಮಾಡಿಕೊಂಡ ಆಟದಲ್ಲೂ ಒಂದು ಗೆರೆ ಇದೆ. ಆ ಗೆರೆಯನ್ನು ಎಳೆದಿರುವುದು ಮೂರು ಸಂಗತಿಗಳು: ಬ್ಲಫ್ ಇರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು, ಟೂರ್ನಮೆಂಟಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಸಮಾನ ಚಿಪ್ಪುಗಳಿಂದ ಆರಂಭಿಸುತ್ತಾರೆ ಮತ್ತು ಪ್ರವೇಶ ಶುಲ್ಕಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ, ಬೇಡವೆನಿಸಿದಾಗ ಎಲೆ ಕೆಳಗಿಡುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇದೆ.

ನಮ್ಮ ಕಾನೂನು ಕೇಳುತ್ತಾ ಬಂದ ಪ್ರಶ್ನೆ ಬೇರೆ. ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದರ ಮೇಲೆ ತೀರ್ಪುಗಳು ನಿಂತಿವೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಪೋಕರ್ ಬಗ್ಗೆ 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ರೀತಿ, 2017ರಲ್ಲಿ ಗುಜರಾತ್ ಹೈಕೋರ್ಟು ಇನ್ನೊಂದು ರೀತಿ ನೋಡಿದವು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ಸರಕಾರ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ರದ್ದುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆಯಾದರೋ ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಇಲ್ಲೊಂದು ವಿಚಿತ್ರವಿದೆ. ಪೋಕರ್ ಜೂಜಲ್ಲ, ಕೌಶಲ ಎಂದು ವಾದಿಸುವವರು ಮುಂದಿಡುವ ಕೌಶಲಗಳಲ್ಲಿ ಬ್ಲಫ್ ಕೂಡ ಒಂದು. ಇನ್ನೊಬ್ಬನನ್ನು ತಪ್ಪು ನಂಬುವಂತೆ ಮಾಡುವ ಜಾಣ್ಮೆಯೇ ಆಟವನ್ನು ಜೂಜಿನ ಆರೋಪದಿಂದ ಬಿಡಿಸುವ ಸಾಕ್ಷಿಯಾಗುತ್ತದೆ!

ಕುರ್‌ಆನ್ ಜೂಜನ್ನು ಮದ್ಯದ ಜೊತೆಗೇ ಇಟ್ಟು ಮಾತನಾಡುತ್ತದೆ. ಅವುಗಳಲ್ಲಿ ಜನರಿಗೆ ಒಂದಷ್ಟು ಲಾಭವಿದೆಯೆಂದು ಒಪ್ಪಿಕೊಂಡೇ, ಕೆಡುಕು ಅದಕ್ಕಿಂತ ದೊಡ್ಡದೆಂದು ಹೇಳುತ್ತದೆ. ಜನರ ನಡುವೆ ಹಗೆತನ ಬಿತ್ತುತ್ತದೆಂಬ ಕಾರಣವನ್ನೂ ಕೊಡುತ್ತದೆ. ಆಡುವವರ ಪರಸ್ಪರ ಒಪ್ಪಿಗೆ ಈ ಕೆಡುಕನ್ನು ಅಳಿಸುವುದಿಲ್ಲ. ಏಕೆಂದರೆ ಕಳೆದುಕೊಳ್ಳುವವನು ಒಪ್ಪಿಗೆ ಕೊಟ್ಟವನೊಬ್ಬನೇ ಅಲ್ಲ. ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ ಮೇಜಿನ ಮೇಲೆ ಬಂದಾಗ ಹೆಂಡತಿ ಮಕ್ಕಳನ್ನು ಕೇಳಿದವರು ಯಾರು? ಮಹಾಭಾರತದ ದ್ಯೂತ ಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆ ಇದರ ಹತ್ತಿರದ್ದು. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂದು ಆಕೆ ಕೇಳಿದಾಗ ಹಿರಿಯರ ಬಳಿ ನೇರ ಉತ್ತರ ಇರಲಿಲ್ಲ.

ಆದರೂ ಪೋಕರಿನ ದೊಡ್ಡ ಅಪಾಯ ಅದರ ಮೇಜಿನಲ್ಲೇ ಮುಗಿಯುವುದಿಲ್ಲ. 1968ರಲ್ಲಿ ಆಲ್ಬರ್ಟ್ ಕಾರ್ ಎಂಬ ಲೇಖಕ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ವ್ಯಾಪಾರವನ್ನು ಪೋಕರಿಗೆ ಹೋಲಿಸಿ, ಅಲ್ಲಿನ ಬ್ಲಫನ್ನು ಖಾಸಗಿ ಬದುಕಿನ ನೀತಿಯಿಂದ ಅಳೆಯಬಾರದು ಎಂದು ವಾದಿಸಿದರು. ಈಗ ಇದು ಬೀದಿಯ ಮಾತೂ ಆಗಿದೆ: ‘ವ್ಯಾಪಾರ ಅಂದ ಮೇಲೆ ಇದೆಲ್ಲ ಇದ್ದದ್ದೇ.’ ಆದರೆ ಮೇಲಿನ ಮೂರು ಸಂಗತಿಗಳನ್ನು ಸೈಟಿನ ವ್ಯವಹಾರಕ್ಕೆ ಹಚ್ಚಿ ನೋಡಿ. ಹಳ್ಳಿಯ ಜಮೀನು ಮಾರಿ ಬಂದವನಿಗೋ ಇಪ್ಪತ್ತು ವರ್ಷದ ಉಳಿತಾಯ ಹಿಡಿದು ಬಂದವನಿಗೋ ತಾನು ಆಟಕ್ಕೆ ಕುಳಿತಿದ್ದೇನೆಂದೇ ತಿಳಿದಿಲ್ಲ. ಅವನ ಚಿಪ್ಪುಗಳು ಎದುರಿನವನ ಚಿಪ್ಪುಗಳಿಗೆ ಸಮವಲ್ಲ. ಸೋತರೆ ಅವನು ಇನ್ನೊಂದು ಟೂರ್ನಮೆಂಟಿಗೆ ಹೋಗಲಾರ. ಆಟದ ನಿಯಮವನ್ನು ಆಟಕ್ಕೆ ಕೂರದವನ ಮೇಲೆ ಹೇರಿದಾಗ ಬ್ಲಫ್ ಎಂಬ ಹೆಸರು ಅದಕ್ಕೆ ಸಲ್ಲದು, ಅದು ಮೋಸ.

ಹಾಗಾದರೆ ಜೋರಿನವನು ಮೇಲೆ ಬಿದ್ದಾಗ ದುರ್ಬಲನು ಏನು ಮಾಡಬೇಕು? ರಾತ್ರಿ ಬಾಗಿಲು ಬಡಿದ ಅಪರಿಚಿತನಿಗೆ ಒಂಟಿ ಹೆಂಗಸು ‘ಯಜಮಾನರು ಒಳಗೆ ಮಲಗಿದ್ದಾರೆ’ ಎಂದರೆ ತಪ್ಪೇ? ಜರ್ಮನಿಯ ದಾರ್ಶನಿಕ ಕಾಂಟ್, ಮನೆಯಲ್ಲಿ ಅಡಗಿರುವ ಮಿತ್ರನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ಬರೆದರು. ಅವರಿಗಿಂತ ಸುಮಾರು ಏಳುನೂರು ವರ್ಷ ಮೊದಲಿನ ಇಮಾಮ್ ಗಝಾಲಿಯವರ ನಿಲುವು ಮನುಷ್ಯನ ಸಂಕಟಕ್ಕೆ ಹೆಚ್ಚು ಹತ್ತಿರ. ‘ಇಹ್ಯಾ ಉಲೂಮಿದ್ದೀನ್’ನಲ್ಲಿ ನಾಲಿಗೆಯ ಕೆಡುಕುಗಳನ್ನು ಚರ್ಚಿಸುವಾಗ, ಅಕ್ರಮಿಯಿಂದ ಅಡಗಿದವನನ್ನು ಕಾಪಾಡಲು, ಅಕ್ರಮಿಯ ಕೈಯಿಂದ ಸ್ವಂತ ಸೊತ್ತನ್ನು ಉಳಿಸಿಕೊಳ್ಳಲು ಇಲ್ಲದ್ದನ್ನು ಹೇಳುವುದಕ್ಕೆ ಅವರು ಅವಕಾಶ ಕೊಡುತ್ತಾರೆ. ಜೊತೆಗೇ ಎರಡು ಎಚ್ಚರಿಕೆಗಳನ್ನೂ ಇಡುತ್ತಾರೆ. ಒಮ್ಮೆ ಈ ಬಾಗಿಲು ತೆರೆದರೆ ಅಗತ್ಯವಿಲ್ಲದ ಕಡೆಗೂ ನಾಲಿಗೆ ಹರಿಯುತ್ತದೆ. ಜನರ ಹೆಚ್ಚಿನ ಸುಳ್ಳುಗಳು ಇರುವುದನ್ನು ಉಳಿಸಿಕೊಳ್ಳಲು ಅಲ್ಲ, ಸಂಪತ್ತು ಸ್ಥಾನಮಾನಗಳನ್ನು ಬೆಳೆಸಿಕೊಳ್ಳಲು.

ಅಳತೆಗೋಲು ಇಲ್ಲಿದೆ. ನನ್ನದನ್ನು ಕಾಯಲು ಹಿಡಿದ ಗುರಾಣಿ ಬೇರೆ, ಇನ್ನೊಬ್ಬನದನ್ನು ಕಸಿಯಲು ಎತ್ತಿದ ಕತ್ತಿ ಬೇರೆ. ಎದುರಿನವನು ಜೋರಿನವನು ಎಂಬ ಒಂದೇ ಕಾರಣ ನನ್ನ ಸುಳ್ಳಿಗೆ ಪರವಾನಗಿಯಾಗದು. ‘ಎಲ್ಲರೂ ಹೀಗೇ ಮಾಡುತ್ತಾರೆ’ ಎನ್ನುವವನು ಹೆಚ್ಚಾಗಿ ತನ್ನನ್ನು ದುರ್ಬಲನ ಜಾಗದಲ್ಲಿ ಕೂರಿಸಿಕೊಂಡು ಬಲಶಾಲಿಯ ಆಟ ಆಡುತ್ತಿರುತ್ತಾನೆ.

ಅಲ್ಲದೆ, ಹೆಚ್ಚಿನ ಸಂದರ್ಭಗಳಲ್ಲಿ ದುರ್ಬಲನಿಗೂ ಮೂರನೆಯ ದಾರಿ ಇದೆ: ಎಲೆ ತೋರಿಸೆನ್ನುವುದು. ‘ಇನ್ನೊಂದು ಪಾರ್ಟಿ ಇದೆ’ ಎಂದವನಿಗೆ ತಾನೂ ಇಲ್ಲದ ಇನ್ನೊಂದು ಸೈಟಿನ ಕಥೆ ಕಟ್ಟಬೇಕಿಲ್ಲ. ಮೂಲಪತ್ರ ಕೊಡಿ, ಖಾತೆ ತೋರಿಸಿ, ಉಪನೋಂದಣಿ ಕಚೇರಿಯ ಋಣಭಾರ ಪತ್ರ ನೋಡುತ್ತೇವೆ, ವಕೀಲರಿಗೆ ತೋರಿಸಲು ಎರಡು ದಿನ ಬೇಕು ಎಂದರೆ ಸಾಕು. ಬರಿಗೈಯವನ ಜೋರು ಅಲ್ಲೇ ಇಳಿಯುತ್ತದೆ. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸುವವನ ಕೈಯಲ್ಲೂ ಎಲೆಯಿಲ್ಲ. ಅಂತಹ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಆದರೆ ಪೋಕರ್ ಮೇಜಿನಲ್ಲಿ ‘ತೋರಿಸು’ ಎನ್ನಲು ಕೈಯಲ್ಲಿ ಚಿಪ್ಪು ಬೇಕು. ಬದುಕಿನಲ್ಲಿ ಆ ಚಿಪ್ಪುಗಳೆಂದರೆ ಓದು, ಸಮಯ, ಪರಿಚಯ, ವಕೀಲರ ಶುಲ್ಕ. ಇವು ಇಲ್ಲದವನಿಗೆ ಉಳಿಯುವುದು ಎರಡೇ: ಸೋತು ಸರಿಯುವುದು, ಇಲ್ಲವೇ ಸುಳ್ಳಿಗೆ ಸುಳ್ಳು ಹೇಳುವುದು. ಅವನ ಸುಳ್ಳನ್ನು ತೂಗುವ ಮೊದಲು, ಕಾಗದಪತ್ರ ಓದಬಲ್ಲ ಒಬ್ಬರಾದರೂ ಅವನ ಜೊತೆಗೆ ಹೋಗಿದ್ದರೇ ಎಂದು ಆ ಬೀದಿಯವರು, ಆ ಜಮಾಅತಿನವರು, ಆ ಸಂಘದವರು ಕೇಳಿಕೊಳ್ಳಬೇಕು.